ಅಡುಗೆಮನೆಯ ಪಾಲಿಗೆ ಬಂದ ಪೀಪಿ

ಮೊನ್ನೆ ಜಯನಗರ ನಾಲ್ಕನೇ ಬ್ಲಾಕಿನ ಚಪ್ಪಲಿ ಅಂಗಡಿಯೊಂದರಲ್ಲಿ ನನ್ನ ಬಲಗಾಲು ನನ್ನನ್ನು ಒಂದು ಮಾತೂ ಕೇಳದೆ ಕುಣಿಯಲು ಶುರುಮಾಡಿತು. ಆಗ ಅದು ಅಂಗಡಿಯವರ ಕೈಯಲ್ಲಿತ್ತು. ಅವರು ಮಂಡಿಯೂರಿ ಕುಳಿತು ಅದಕ್ಕೊಂದು ಮೆತ್ತನೆಯ ಚಪ್ಪಲಿ ತೊಡಿಸಲು ಹೆಣಗುತ್ತಿದ್ದರು.

“ಮೇಡಂ, ಸ್ವಲ್ಪ ಕಾಲು ಆಡಿಸ್ಬೇಡಿ.”

“ನಾನೆಲ್ಲಿ ಆಡಿಸ್ತಿದೀನಿ ಸಾರ್, ಅದೇ ಆಡ್ತಿದೆ.”

ಅವರು ನನ್ನ ಮುಖ ನೋಡಿದರು. ಚಪ್ಪಲಿಯನ್ನು ಮೆಲ್ಲಗೆ ನೆಲಕ್ಕಿಟ್ಟು ಒಂದಡಿ ಹಿಂದೆ ಸರಿದು ಕುಳಿತರು. ನನಗೆ ಐವತ್ತೇಳು ವರ್ಷ. ಮಂಡಿನೋವಿಗೆಂದು ಚಪ್ಪಲಿ ಕೇಳಿಕೊಂಡು ಬಂದ ಹೆಂಗಸು ಕೂತಲ್ಲೇ ತಾಳ ಹಾಕತೊಡಗಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ನನಗೇ ಆಯಿತು.

ಆಮೇಲೆ ನೋಡಿದರೆ ತಪ್ಪು ಕಾಲಿನದಲ್ಲ. ಅಂಗಡಿಯ ಸೂರಿನಲ್ಲಿದ್ದ ಸ್ಪೀಕರಿನಿಂದ ಹಳೆಯ ಇಂಗ್ಲಿಷ್ ಹಾಡೊಂದು ಬರುತ್ತಿತ್ತು. ಹಾಡು ನನಗೆ ಅಪರಿಚಿತ. ಆದರೆ ಅದರ ಅಡಿಯಲ್ಲಿ ಟಕಟಕ ಧಡಕ್, ಟಕಟಕ ಧಡಕ್ ಎಂದು ಓಡುತ್ತಿದ್ದ ಡ್ರಮ್ಮು ಮಾತ್ರ ಸಾಕ್ಷಾತ್ ನಮ್ಮ ಮನೆಯ ಕುದುರೆ ಹಾಡಿನದು. ಬಾಲ್ಯದ ಎಷ್ಟೋ ಭಾನುವಾರಗಳನ್ನು ನಾನು ಆ ಕುದುರೆಯ ಮೇಲೆಯೇ ಕಳೆದಿದ್ದೇನೆ. ನಮ್ಮ ರೂಮಿನಲ್ಲಿ ಒಂಟಿಯಾಗಿ ಓಡುತ್ತಿದ್ದ ಆ ಕುದುರೆಯ ಮೇಲೆ ಈಗ ಇಡೀ ಮದುವೆ ದಿಬ್ಬಣವೇ ಹತ್ತಿ ಕೂತಿತ್ತು. ಯಾರೋ ಹಾಡುತ್ತಿದ್ದರು, ಯಾರೋ ಗಿಟಾರು ಮೀಟುತ್ತಿದ್ದರು, ಕೆಳಗಿನಿಂದ ಇನ್ನೇನೋ ಗುಂಯ್ ಅನ್ನುತ್ತಿತ್ತು. ಆ ಹಾಡಿನ ನಾಲ್ಕನೇ ಒಂದು ಪಾಲನ್ನು ಮಾತ್ರ ಕೇಳಿಕೊಂಡು ನಾನು ಇಷ್ಟು ದೊಡ್ಡವಳಾಗಿದ್ದೇನೆ ಎಂಬುದು ನನಗೆ ಗೊತ್ತಾದದ್ದು ಹೀಗೆ. ಖುಷಿಗೆ ಅಳತೆ ನೋಡದೆ ಚಪ್ಪಲಿ ಕಟ್ಟಿಸಿಕೊಂಡು ಬಂದೆ. ಈಗ ಅದನ್ನು ನಮ್ಮ ಮನೆಯಲ್ಲಿ ಯಾರೂ ಹಾಕಿಕೊಳ್ಳುವಂತಿಲ್ಲ.

ಜೆ.ಪಿ. ನಗರದ ಮನೆಗೆ ಬರುವಷ್ಟರಲ್ಲಿ ಹಾಡಿನ ಒಂದು ಸಾಲನ್ನು ಬಾಯಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಮೊಬೈಲಿನಲ್ಲಿ ಹುಡುಕಿದರೆ ಸಿಕ್ಕಿಯೇ ಬಿಟ್ಟಿತು. ಅಮ್ಮ ಹಾಲ್‌ನಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಅವಳಿಗೀಗ ಎಂಬತ್ತು, ನನ್ನ ಜೊತೆಯಲ್ಲೇ ಇದ್ದಾಳೆ. ಫೋನನ್ನು ಅವಳ ಬಲಗಿವಿಗೆ ಹಿಡಿದೆ. ಎಡಗಿವಿಗೆ ಹಿಡಿದು ಪ್ರಯೋಜನವಿಲ್ಲ, ಅದು ಎರಡು ವರ್ಷದ ಹಿಂದೆಯೇ ರಿಟೈರಾಯಿತು. ಬಲಗಿವಿಯೂ ಅದೇ ದಾರಿ ಹಿಡಿದಿದೆ ಎಂದು ಹೋದ ತಿಂಗಳು ಕಿವಿಯ ಡಾಕ್ಟರು ಹೇಳಿದ್ದರು. “ಮಷೀನ್ ಹಾಕ್ಬಹುದು ಮೇಡಂ, ಮಾತು ಕೇಳ್ಸುತ್ತೆ. ಆದ್ರೆ ಸಂಗೀತ ಗಿಂಗೀತ ಮೊದಲಿನ ಥರ ಇರಲ್ಲ. ಅವರಿಗೆ ಇಷ್ಟವಾದದ್ದು ಏನಾದ್ರೂ ಇದ್ರೆ ಈಗ್ಲೇ ಕೇಳಿಸಿಬಿಡಿ.”

“ಅಮ್ಮ, ಯಾವ ಹಾಡು ಹೇಳು ನೋಡೋಣ.”

“ಯಾವುದೋ ಇಂಗ್ಲಿಷು.”

“ನಮ್ಮನೇದು ಕಣಮ್ಮ. ಜಪಾನ್ ಸಾರ್ ಸೆಟ್ಟಲ್ಲಿ ಬರ್ತಿತ್ತಲ್ಲ.”

ಅಮ್ಮ ಅವರೆಕಾಯಿ ಬಿಟ್ಟು ಕೊನೆಯವರೆಗೂ ಕೇಳಿದಳು. ಪಾಪ, ತುಂಬಾ ಶ್ರದ್ಧೆಯಿಂದಲೇ ಕೇಳಿದಳು. “ನಮ್ಮನೇದಾದ್ರೆ ಪೀಪಿ ಎಲ್ಲಿ? ಪೀಪೀನೇ ಇಲ್ಲ. ಇದು ಬೇರೆ ಯಾರ್ದೋ ಮನೇದು” ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು. ನಾನೂ ಮತ್ತೆ ಹಾಕಿ ಕೇಳಿದೆ. ನಿಜ, ಅಮ್ಮನ ಪೀಪಿ ಆ ಗದ್ದಲದಲ್ಲಿ ಎಲ್ಲೋ ಕಾಲ್ತುಳಿತಕ್ಕೆ ಸಿಕ್ಕಿಕೊಂಡಿತ್ತು. ಅಲ್ಲೇ, ಅವರೆಕಾಯಿ ಸಿಪ್ಪೆಯ ಮಧ್ಯೆ ನಿಂತು, ನಾನೊಂದು ತೀರ್ಮಾನ ಮಾಡಿದೆ. ಅಮ್ಮನ ಬಲಗಿವಿ ಬಾಗಿಲು ಹಾಕುವ ಮೊದಲು ಅವಳಿಗೆ ಆ ಹಾಡನ್ನು ನಮ್ಮ ಹಳೆಯ ಸೆಟ್ಟಿನಲ್ಲಿಯೇ, ಪೀಪಿಯ ಸಮೇತ, ನಾಲ್ಕೂ ಪಾಲು ಸೇರಿಸಿ ಒಮ್ಮೆ ಕೇಳಿಸಲೇಬೇಕು.

ಈ ಪಾಲು, ಪೀಪಿಗಳ ತಲೆಬುಡ ನಿಮಗೆ ತಿಳಿಯಬೇಕಾದರೆ ಜಪಾನ್ ಸಾರ್ ವಿಷಯ ಹೇಳಬೇಕು.

ನಮ್ಮಪ್ಪ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದರು. ಅಲ್ಲಿಗೆ ಹೊಸ ಯಂತ್ರ ಕೂರಿಸಲು ಜಪಾನಿನಿಂದ ಒಬ್ಬ ಇಂಜಿನಿಯರು ಬಂದಿದ್ದರು. ಅವರ ಹೆಸರು ನಮ್ಮ ನಾಲಿಗೆಗೆ ಒಗ್ಗಲಿಲ್ಲ, ಹಾಗಾಗಿ ಜಪಾನ್ ಸಾರ್ ಆದರು. ಒಂದು ಭಾನುವಾರ ಅಪ್ಪ ಅವರನ್ನು ಜಯನಗರದ ನಮ್ಮ ಮನೆಗೆ ಊಟಕ್ಕೆ ಕರೆತಂದರು. ಅಮ್ಮ ಮುದ್ದೆ, ಬಸ್ಸಾರು ಮಾಡಿದ್ದಳು. ಆ ಮಹಾನುಭಾವರು ಮುದ್ದೆಯನ್ನು ಅಗಿಯಲು ಹೋದರು. ಹಲ್ಲಿಗೆಲ್ಲ ಮೆತ್ತಿಕೊಂಡು ಬಾಯಿ ತೆರೆಯಲಾಗದೆ ಕಣ್ಣು ಬಿಡತೊಡಗಿದಾಗ ಅಜ್ಜಿ ಎದುರಿಗೆ ಕೂತು, ಹಣೆಯ ಮೇಲಿನ ವಿಭೂತಿ ಅಲುಗದಂತೆ, ನುಂಗುವುದು ಹೇಗೆಂದು ನಾಲ್ಕು ಸಲ ಮಾಡಿ ತೋರಿಸಿದರು. ಐದನೆಯದನ್ನು ಜಪಾನ್ ಸಾರ್ ನುಂಗಿದರು. ಅಲ್ಲಿಂದ ಮುಂದೆ ಅವರು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಕೆಲಸ ಮುಗಿಸಿ ತಮ್ಮ ದೇಶಕ್ಕೆ ಹೊರಟಾಗ ಅವರು ತಮ್ಮ ಸಂಗೀತದ ಸೆಟ್ಟನ್ನು ಕಾರಿನಲ್ಲಿ ಹಾಕಿಕೊಂಡು ಬಂದು, ಅಮ್ಮನ ಮುಂದೆ ಸೊಂಟ ಬಗ್ಗಿಸಿ ನಮಸ್ಕರಿಸಿ, ಅವಳಿಗೆ ಕೊಟ್ಟರು. ಗಮನಿಸಿ, ಕೊಟ್ಟದ್ದು ಅಮ್ಮನಿಗೆ. ಅಪ್ಪ ಅದನ್ನು ಮರೆತದ್ದು ಹೆಚ್ಚೆಂದರೆ ಐದು ನಿಮಿಷದಲ್ಲಿ.

ಸೆಟ್ಟು ಎಂದರೆ ಒಂದು ಭಾರವಾದ ಪೆಟ್ಟಿಗೆ, ನಾಲ್ಕು ಸ್ಪೀಕರು, ಜೊತೆಗೆ ಅರ್ಧ ಇಟ್ಟಿಗೆ ಗಾತ್ರದ ಕೆಲವು ಕಾರ್ಟ್ರಿಡ್ಜುಗಳು. ಕ್ಯಾಸೆಟ್ಟಿನ ಹಾಗೆಯೇ, ಆದರೆ ಒಳಗಿನ ಟೇಪಿನ ಎರಡು ತುದಿಗಳನ್ನೂ ಸೇರಿಸಿ ಅಂಟಿಸಿರುತ್ತಾರೆ. ಅದು ಸುತ್ತುತ್ತಲೇ ಇರುತ್ತದೆ, ಮುಗಿಯುವುದೇ ಇಲ್ಲ. ಹಿಂದಕ್ಕೂ ತಿರುಗಿಸುವಂತಿಲ್ಲ. ನಿಮಗೆ ಬೇಕಾದ ಹಾಡು ತಪ್ಪಿಹೋದರೆ ಅದು ಇನ್ನೊಂದು ಸುತ್ತು ಹೊಡೆದು ಬರುವವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಕು.

ಸೆಟ್ಟಿನ ಜೊತೆ ಒಂದು ಪುಸ್ತಕವಿತ್ತು, ಪೂರ್ತಿ ಜಪಾನಿಯಲ್ಲಿ. ಅಪ್ಪ ಅದನ್ನು ಬಹಳ ಗಂಭೀರವಾಗಿ ಪುಟ ಪುಟವಾಗಿ ತಿರುವಿದರು. ಒಂದು ಪುಟದಲ್ಲಿ ಚಿತ್ರ ಸಿಕ್ಕಿತು. ಒಂದು ಚೌಕ, ಚೌಕದ ನಾಲ್ಕು ಮೂಲೆಗೆ ನಾಲ್ಕು ಡಬ್ಬಿ, ನಡುವೆ ಒಬ್ಬ ಮನುಷ್ಯ. ಅಪ್ಪ ಆಗಷ್ಟೇ ಮನೆ ಕಟ್ಟಿಸಿ ಮುಗಿಸಿದ್ದರು. ಮೂವತ್ತು ನಲವತ್ತರ ಸೈಟು. ಮುಂದೆ ಎಡಕ್ಕೆ ಹಾಲು, ಬಲಕ್ಕೆ ಅಜ್ಜಿಯ ರೂಮು, ಹಿಂದೆ ಎಡಕ್ಕೆ ನಾನೂ ತಮ್ಮ ನಾಗುವೂ ಮಲಗುವ ರೂಮು, ಬಲಕ್ಕೆ ಅಡುಗೆಮನೆ, ಮಧ್ಯೆ ನಡುಮನೆ. ಪ್ಲಾನಿನ ಹಾಳೆಯನ್ನು ವರ್ಷಗಟ್ಟಲೆ ನೋಡಿ ನೋಡಿ ಅವರ ಕಣ್ಣಿಗೆ ಯಾವ ಚೌಕ ಬಿದ್ದರೂ ಮನೆಯಾಗಿಯೇ ಕಾಣುತ್ತಿತ್ತು.

“ನೋಡು, ನಾಲ್ಕು ರೂಮಿಗೆ ನಾಲ್ಕು. ನಮ್ಮನೆ ಪ್ಲಾನನ್ನೇ ಹಾಕಿದಾರೆ. ಜಪಾನಿನವರ ತಲೆ ಅಂದ್ರೆ ತಲೆ” ಎಂದರು ಅಪ್ಪ.

“ನಡುವೆ ನಿಂತಿರೋನು ಯಾರು?” ಎಂದು ಅಜ್ಜಿ ಕೇಳಿದರು.

“ಮನೆ ಯಜಮಾನ” ಎಂದರು ಅಪ್ಪ, ಒಂದು ಕ್ಷಣವೂ ತಡಮಾಡದೆ.

ಅವತ್ತೇ ಸಂಜೆಯೊಳಗೆ ವೆಂಟಿಲೇಟರುಗಳ ಮೂಲಕ ತಂತಿ ಎಳೆದು ನಾಲ್ಕು ರೂಮಿಗೂ ಒಂದೊಂದು ಸ್ಪೀಕರು ಕೂರಿಸಿಯಾಯಿತು. ಬೀದಿಯಲ್ಲೆಲ್ಲ ನಮ್ಮದೊಂದೇ ಮನೆಯಲ್ಲಿ ಅಡುಗೆಮನೆಗೂ ಸಂಗೀತ. ಅಪ್ಪ ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದರು.

ಆ ಸೆಟ್ಟಿನ ಮರ್ಮವೇ ಬೇರೆ ಎಂದು ಈಗ ನಿಮಗೆ ಹೇಳಿಬಿಡುತ್ತೇನೆ. ನಾಲ್ಕು ಸ್ಪೀಕರನ್ನೂ ಒಂದೇ ರೂಮಿನ ನಾಲ್ಕು ಮೂಲೆಗೆ ಇಟ್ಟು, ಕೇಳುವವನು ನಡುವೆ ಕೂರಬೇಕು. ಆ ಕಾಲದಲ್ಲಿ ಹಾಡಿನ ಮಿಕ್ಸಿಂಗ್ ಮಾಡುತ್ತಿದ್ದವರಿಗೆ ಇದೊಂದು ಹೊಸ ಆಟಿಕೆ. ಎರಡೇ ಕಡೆಯಿಂದ ಕೇಳಿಸಿ ಬೇಸರವಾಗಿದ್ದವರಿಗೆ ಒಮ್ಮೆಲೇ ನಾಲ್ಕು ಮೂಲೆ ಸಿಕ್ಕರೆ ಕೇಳಬೇಕೇ. ವಾದ್ಯಗಳನ್ನು ಎತ್ತಿ ಎತ್ತಿ ಮೂಲೆಗೊಂದರಂತೆ ಕೂರಿಸಿದರು. ನಾನು ಹೇಳುತ್ತಿರುವ ಹಾಡಿನಲ್ಲಿ ಹಾಡುಗಾರನೂ ಅವನ ಗಿಟಾರೂ ಮುಂದೆ ಎಡಕ್ಕೆ, ಗುಂಯ್‌ಗುಡುವ ದಪ್ಪ ತಂತಿಯ ವಾದ್ಯ ಮುಂದೆ ಬಲಕ್ಕೆ, ಡ್ರಮ್ಮು ಕೇಳುವವನ ಬೆನ್ನ ಹಿಂದೆ ಎಡಕ್ಕೆ, ಕೊಳಲಿನ ಕೊನೆಯ ತಂಗಿಯಂಥ ಒಂದು ಪುಟ್ಟ ಊದುವ ವಾದ್ಯ ಹಿಂದೆ ಬಲಕ್ಕೆ. ಇದನ್ನು ನಮ್ಮ ಮನೆಯ ಲೆಕ್ಕಕ್ಕೆ ನೀವೇ ಹಂಚಿಕೊಳ್ಳಿ. ಹಾಲಿನಲ್ಲಿ ಕೂರುವ ಅಪ್ಪನಿಗೆ ಬರೀ ಹಾಡುಗಾರ, ಅಜ್ಜಿಗೆ ಬರೀ ಗುಂಯ್, ನನಗೂ ನಾಗುವಿಗೂ ಬರೀ ಡ್ರಮ್ಮು, ಅಮ್ಮನಿಗೆ ಪೀಪಿ.

ಒಂದೇ ಹಾಡಿಗೆ ನಮ್ಮ ಮನೆಯಲ್ಲಿ ನಾಲ್ಕು ಹೆಸರಿದ್ದವು. ಅಪ್ಪ ಅದನ್ನು ಅಳೋ ಹಾಡು ಎನ್ನುತ್ತಿದ್ದರು. ಹಿಟ್ಟಿನ ಗಿರಣಿಯ ನೆನಪು ತರುತ್ತದೆಂದು ಅಜ್ಜಿಗೆ ಅದು ಗಿರಣಿ ಹಾಡು. ನಮ್ಮದು ಕುದುರೆ, ಅಮ್ಮನದು ಪೀಪಿ. ಭಾನುವಾರ ಬೆಳಗಾದರೆ ಇವತ್ತು ಯಾರ ಹಾಡು ಎಂದು ಜಗಳ. ಅಪ್ಪ ಯಾರ ಪಕ್ಷವನ್ನೂ ವಹಿಸದೆ ಕಾರ್ಟ್ರಿಡ್ಜ್ ಒತ್ತಿ ಕಾಲಾಡಿಸುತ್ತಾ ಕೂರುವರು. ಎರಡು ಹಾಡು ಕಳೆದು ಮೂರನೆಯದು ಶುರುವಾದ ಕೂಡಲೇ ನಾಲ್ಕು ರೂಮುಗಳಿಂದಲೂ ಒಂದೇ ಗಳಿಗೆಯಲ್ಲಿ “ಬಂತು, ಬಂತು” ಎಂಬ ಕೂಗು ಏಳುತ್ತಿತ್ತು. ಎಲ್ಲರಿಗೂ ತಾವೇ ಗೆದ್ದ ಸಂತೋಷ. ಇದು ಹೇಗೆ ಸಾಧ್ಯ ಎಂದು ಅಷ್ಟು ಜನರಲ್ಲಿ ಒಬ್ಬರಿಗಾದರೂ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ನಮ್ಮ ವಂಶದಲ್ಲಿ ಯಾರೂ ವಿಜ್ಞಾನಿಗಳಾಗದ ಕಾರಣ ನನಗೆ ಈಗ ಅರ್ಥವಾಗಿದೆ.

ಪಕ್ಕದ ರೂಮಿನದು ಕೇಳುತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊಣಗಿದ ಹಾಗೆ ಕೇಳುತ್ತಿತ್ತು. ಆದರೆ ಸೌಂಡು ಜಾಸ್ತಿ ಮಾಡಿದರೆ ಸೆಟ್ಟು ಸುಟ್ಟುಹೋಗುತ್ತದೆಂದು ಅಪ್ಪನಿಗೆ ಭಯ. ಅಜ್ಜಿಯ ದಮ್ಮಿಗೆ ಒಗ್ಗರಣೆಯ ಘಾಟು ಆಗುತ್ತಿರಲಿಲ್ಲವಾದ್ದರಿಂದ ಅಡುಗೆಮನೆಯ ಬಾಗಿಲಂತೂ ಬೆಳಗ್ಗೆಯೆಲ್ಲ ಮುಚ್ಚಿಯೇ ಇರುತ್ತಿತ್ತು. ನಾನೂ ನಾಗುವೂ ಮಂಚದ ಮೇಲೆ ಕುದುರೆ ಓಡಿಸುವ ರಭಸದಲ್ಲಿ ನಮಗೆ ನಮ್ಮ ಉಸಿರೇ ಕೇಳುತ್ತಿರಲಿಲ್ಲ. ಆ ಮಂಚದ ಕಾಲು ಎರಡು ಸಲ ಮುರಿಯಿತು.

ಇದರಿಂದಾದ ದೊಡ್ಡ ಅನಾಹುತ ಅಪ್ಪ ಅಮ್ಮನ ನಡುವೆ. ಆ ಹಾಡು ಮುಗಿಯುತ್ತಿದ್ದಂತೆ ಅಪ್ಪ ಕಣ್ಣೊರೆಸಿಕೊಳ್ಳುತ್ತಾ ಹಾಲಿನಿಂದ ಹೊರಗೆ ಬರುತ್ತಿದ್ದರು. ಅಡುಗೆಮನೆಯ ಬಾಗಿಲು ತೆರೆದು ಅಮ್ಮ ನಗುತ್ತಾ ಹೊರಗೆ ಬರುತ್ತಿದ್ದಳು. ನಡುಮನೆಯಲ್ಲಿ ಇಬ್ಬರೂ ಎದುರುಬದುರು.

“ಅಷ್ಟು ಸಂಕಟ ಪಟ್ಕೊಂಡು ಹಾಡ್ತಾನೆ, ನಿನಗೆ ನಗು ಹೆಂಗೆ ಬರುತ್ತೆ? ಕಲ್ಲು ಮನಸ್ಸು ನಿಂದು.”

“ಪೀಪಿ ಕೇಳಿ ಅಳೋರನ್ನ ನಾನು ಇನ್ನೆಲ್ಲೂ ಕಂಡಿಲ್ಲಪ್ಪ.”

ಅಪ್ಪನ ಪ್ರಕಾರ ಅಮ್ಮನಿಗೆ ಸಂಗೀತದ ಗಂಧವಿಲ್ಲ. ಅಮ್ಮನ ಪ್ರಕಾರ ಅಪ್ಪನಿಗೆ ಕಣ್ಣಿನ ತೊಂದರೆ. ಒಮ್ಮೆ ಅವಳು ಅವರನ್ನು ಕಣ್ಣಿನ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿದ್ದಳು. ಡಾಕ್ಟರು ಡ್ರಾಪ್ಸ್ ಬರೆದುಕೊಟ್ಟರು.

ಆ ಹಾಡನ್ನು ನಮ್ಮ ಮನೆಯಲ್ಲಿ ಪೂರ್ತಿಯಾಗಿ ಕೇಳಿದವರು ಒಬ್ಬರೇ ಒಬ್ಬರು, ಪಾತ್ರೆ ತೊಳೆಯಲು ಬರುತ್ತಿದ್ದ ಕೆಂಪಮ್ಮ. ಭಾನುವಾರ ಅವರು ಬರುವ ಹೊತ್ತಿಗೆ ನಮ್ಮೆಲ್ಲರ ಊಟವಾಗಿ, ಒಬ್ಬೊಬ್ಬರೂ ಒಂದೊಂದು ಕಡೆ ಉರುಳಿಕೊಂಡು, ನಾಲ್ಕೂ ಬಾಗಿಲುಗಳು ಗಾಳಿಗೆ ತೆರೆದಿರುತ್ತಿದ್ದವು. ಕಾರ್ಟ್ರಿಡ್ಜ್ ಅಪ್ಪನ ಗೊರಕೆಯ ಪಕ್ಕದಲ್ಲಿ ತನ್ನ ಪಾಡಿಗೆ ಸುತ್ತುತ್ತಿರುತ್ತಿತ್ತು. ಕೆಂಪಮ್ಮ ನಡುಮನೆಯ ಗೋಡೆಗೊರಗಿ ಊಟ ಮಾಡುತ್ತಾ, ತಟ್ಟೆ ಖಾಲಿಯಾದರೂ ಏಳುತ್ತಿರಲಿಲ್ಲ. “ಏನ್ ಚೆಂದಾಗೈತಮ್ಮ, ಸುತ್ತ ಕುಂತ್ಕಂಡು ಹಾಡ್ದಂಗೆ” ಎನ್ನುತ್ತಿದ್ದರು. ಕೆಲಸ ತಪ್ಪಿಸಲು ಏನೇನೋ ಹೇಳುತ್ತಾರೆಂದು ನಾವು ನಗುತ್ತಿದ್ದೆವು. ಅವರ ಕ್ಷಮೆ ಕೇಳಬೇಕೆಂದು ಈಗ ಅನ್ನಿಸುತ್ತದೆ, ಎಲ್ಲಿದ್ದಾರೋ.

ಮುದ್ದೆ, ಮಂಚ, ಕೆಂಪಮ್ಮ ಎಂದು ಎಲ್ಲೋ ಹೋಗಿಬಿಟ್ಟೆ. ಅಮ್ಮನ ಕಿವಿ ನಮಗಾಗಿ ಕಾಯುವುದಿಲ್ಲ, ವಿಷಯಕ್ಕೆ ಬರುತ್ತೇನೆ.

ಅವತ್ತೇ ಬನಶಂಕರಿಯಲ್ಲಿರುವ ನಾಗುವಿಗೆ ಫೋನು ಮಾಡಿದೆ. ಅಪ್ಪ ತೀರಿಕೊಂಡ ಮೇಲೆ ಸೆಟ್ಟು ಅವನ ಮನೆಯ ಅಟ್ಟ ಸೇರಿತ್ತು. ನಾನು ಉಸಿರು ಬಿಡದೆ ಚಪ್ಪಲಿ ಅಂಗಡಿಯಿಂದ ಹಿಡಿದು ಎಲ್ಲವನ್ನೂ ಹೇಳಿದೆ.

“ಅಕ್ಕ, ನಂಗೆ ಗೊತ್ತಿತ್ತು” ಎಂದ. “ಕಾಲೇಜಲ್ಲಿದ್ದಾಗ ಒಂದು ಮ್ಯಾಗಜೀನಲ್ಲಿ ಓದಿದ್ದೆ. ನಾಲ್ಕೂ ಒಂದೇ ರೂಮಲ್ಲಿ ಇಡೋದು ಅಂತ. ಅಪ್ಪಂಗೆ ಹೇಳೋಣ ಅಂತ ಹೋದೆ. ಅವರು ಯಾರಿಗೋ ಅಡುಗೆಮನೆ ಸ್ಪೀಕರ್ ತೋರಿಸ್ತಾ ನಿಂತಿದ್ರು. ಅವರ ಮುಖ ನೋಡಿ ವಾಪಸ್ ಬಂದ್ಬಿಟ್ಟೆ.”

ಅವನನ್ನು ಬೈಯಬೇಕೆಂದಿದ್ದೆ, ಬದಲಿಗೆ ಅಟ್ಟಕ್ಕೆ ಏಣಿ ಹುಡುಕಿಡು ಎಂದೆ.

ಮಾರನೆಯ ದಿನ ಸೆಟ್ಟನ್ನು ಅಟ್ಟದಿಂದ ಇಳಿಸಿ ಆಟೋಗೆ ಹೇರಿಕೊಂಡು ಜರಗನಹಳ್ಳಿಗೆ ಹೊರಟೆವು. ಅಲ್ಲಿ ಹಳೇ ರೇಡಿಯೋ ರಿಪೇರಿ ಮಾಡುವ ಬಾಷಾ ಸಾಬರಿದ್ದಾರೆ. ನಾಲ್ಕು ಸ್ಪೀಕರುಗಳ ಮಧ್ಯೆ ನನ್ನ ತಲೆ ಮಾತ್ರ ಕಾಣುತ್ತಿತ್ತು. “ಏನ್ ಮೇಡಂ, ಆರ್ಕೆಸ್ಟ್ರಾನಾ?” ಎಂದು ಆಟೋದವರು ಕೇಳಿದರು. ಹೌದು ಎಂದೆ. “ನೀವು ಹಾಡೋದಾ?” ಎಂದರು. ಡ್ರಮ್ಸ್ ಎಂದೆ. ಕನಕಪುರ ರಸ್ತೆಯುದ್ದಕ್ಕೂ ಅವರು ಕನ್ನಡಿಯಲ್ಲಿ ನನ್ನನ್ನೇ ನೋಡಿದರು.

ಬಾಷಾ ಸಾಬರು ಕಾರ್ಟ್ರಿಡ್ಜ್ ಬಿಚ್ಚಿದರು. ಒಳಗಿದ್ದ ಸ್ಪಂಜು ಕರಗಿ ಹಲಸಿನ ಮೇಣದಂತಾಗಿತ್ತು, ಟೇಪಿನ ಬೆಸುಗೆ ಬಿಟ್ಟುಹೋಗಿತ್ತು. ಅವರು ವಾರವಿಡೀ ಕೂತು ಸ್ಪಂಜು ಬದಲಿಸಿ, ಬೆಸುಗೆ ಹಾಕಿ, ಪೆಟ್ಟಿಗೆಯನ್ನೂ ಸರಿ ಮಾಡಿದರು. ಕೊಡುವಾಗ ಮಾತ್ರ ಮುಖ ಗಂಭೀರ ಮಾಡಿಕೊಂಡರು.

“ಟೇಪು ಹಪ್ಪಳ ಆಗೋಗಿದೆ ಮೇಡಂ. ಒಂದು ಸುತ್ತು ಓಡುತ್ತೆ. ಎರಡನೇ ಸುತ್ತು ಓಡಿದ್ರೆ ನಿಮ್ಮ ಪುಣ್ಯ. ತುಂಡಾದ್ರೆ ನನ್ನ ಹತ್ರ ತರಬೇಡಿ, ನನಗೂ ಸಂಕಟ ಆಗುತ್ತೆ.”

“ಕಾಪಿ ಮಾಡ್ಕೊಳಕ್ಕಾಗಲ್ವಾ ಸಾಬ್ರೇ?” ಎಂದು ನಾಗು ಕೇಳಿದ.

“ನಾಲ್ಕು ದಾರೀನೂ ಬೇರೆ ಬೇರೆ ಹಿಡಿಯೋ ಮಷೀನು ಎಲ್ಲಿಂದ ತರ್ಲಿ ಸಾರ್. ಅಮ್ಮೋರ್ನ ಕೂರ್ಸಿ ಕೇಳಿಸ್ಬಿಡಿ, ಅಷ್ಟೇ.”

ಭಾನುವಾರ ತಿಂಡಿಯಾದ ಮೇಲೆ ಬನಶಂಕರಿಯಲ್ಲಿ ಸಭೆ. ನಾಗುವಿನ ಹೆಂಡತಿ ವೀಣಾ ಮೊದಲು ತನ್ನ ಸೋಫಾ ಜರುಗಿಸಲು ಒಪ್ಪಲಿಲ್ಲ. ವಿಷಯ ಕೇಳಿದ ಮೇಲೆ ಅವಳೇ ಸೀರೆ ಸೊಂಟಕ್ಕೆ ಸಿಕ್ಕಿಸಿ, ಅಳತೆ ಟೇಪು ಹಿಡಿದು, ಹಾಲಿನ ಕರ್ಣರೇಖೆಗಳನ್ನು ಅಳೆದು ನಟ್ಟನಡುವೆ ಚಾಕ್‌ಪೀಸಿನಲ್ಲಿ ಗುರುತು ಹಾಕಿದಳು. ಒಂದು ಮೂಲೆಯಲ್ಲಿ ಮೀನಿನ ತೊಟ್ಟಿಯಿತ್ತು. ಗಿರಣಿ ಆ ಮೂಲೆಗೆ ಬಂದರೆ ಮೀನುಗಳ ಗತಿಯೇನು ಎಂದು ಅರ್ಧ ಗಂಟೆ ಚರ್ಚೆಯಾಗಿ, ಕೊನೆಗೆ ಮೀನುಗಳು ಬಾಲ್ಕನಿಗೆ ಹೋದವು. ಗುರುತಿನ ಮೇಲೆ ನಾಗು ತನ್ನ ಆಫೀಸಿನ ಕೆಲಸ ಮಾಡುವ ತಿರುಗುವ ಕುರ್ಚಿ ತಂದಿಟ್ಟ. ಅಮ್ಮ ಮೈಸೂರು ರೇಷ್ಮೆಯುಟ್ಟು ಬಂದು ಅದರ ಮೇಲೆ ಕುಳಿತಳು.

“ರೇಷ್ಮೆ ಯಾಕಮ್ಮ?”

“ಪೂರ್ತಿ ಹಾಡು ಕೇಳೋದು ಅಂದ್ಯಲ್ಲ.”

ನಾಗು ಕಾರ್ಟ್ರಿಡ್ಜ್ ಒತ್ತಿದ. ಎರಡು ಹಾಡು ಕಳೆದವು. ಮೂರನೆಯದು ಶುರುವಾಯಿತು, ನೋಡಿ, ನನ್ನ ಬೆನ್ನ ಹಿಂದಿನಿಂದ ಕುದುರೆ ಬಂತು. ನಿಜವಾಗಿ ತಿರುಗಿ ನೋಡಿದೆ. ಬಲಕ್ಕೆ ಗಿರಣಿ ಶುರುವಾಯಿತು, ಎಡಗಡೆಯ ಕಿಟಕಿಯ ಹತ್ತಿರ ಯಾರೋ ನಿಂತು ಹಾಡತೊಡಗಿದರು, ಹಿಂದಿನಿಂದ ಪೀಪಿ ಚಿಗುರಿತು. ಹೀಗೂ ಉಂಟೇ. ನಾನು ನಗುತ್ತಿದ್ದೆ, ನಾಗು ನೆಲದ ಮೇಲೆ ಕೂತು ಎರಡೂ ಕೈಯಲ್ಲಿ ಟೀಪಾಯಿ ಬಡಿಯುತ್ತಿದ್ದ, ವೀಣಾ ನಾಲ್ಕು ಮೂಲೆಗೂ ಓಡಾಡಿ ಕಿವಿಯಿಟ್ಟು ಬರುತ್ತಿದ್ದಳು. ಐವತ್ತು ವರ್ಷದ ತಪ್ಪು ಒಂದೇ ಸಲಕ್ಕೆ ಸರಿಹೋದ ಆನಂದದಲ್ಲಿ ನಾನು ಅಮ್ಮನ ಮುಖ ನೋಡಿದೆ.

ಅಮ್ಮ ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತ ಹಾಗೆ ಕೂತಿದ್ದಳು.

“ಗದ್ದಲ ಕಣೇ” ಎಂದಳು, ಹಾಡು ಮುಗಿದ ಮೇಲೆ. “ಎಲ್ಲಾ ಒಂದೇ ಕಡೆಯಿಂದ ನುಗ್ಗಿದಂಗಿತ್ತು. ಅವತ್ತು ನಿನ್ನ ಫೋನಲ್ಲಿ ಕೇಳ್ದಂಗೇ. ಪರವಾಗಿಲ್ಲ, ಚೆನ್ನಾಗಿತ್ತು.”

ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಶಬ್ದ ಯಾವ ದಿಕ್ಕಿನಿಂದ ಬಂತೆಂದು ಸರಿಯಾಗಿ ತಿಳಿಯಬೇಕಾದರೆ ಎರಡು ಕಿವಿ ಬೇಕು. ಇಷ್ಟು ಸರಳ ಸಂಗತಿ ಅಳತೆ ಟೇಪು, ಚಾಕ್‌ಪೀಸು, ಮೀನಿನ ತೊಟ್ಟಿಗಳ ನಡುವೆ ಒಬ್ಬರಿಗೂ ಹೊಳೆದಿರಲಿಲ್ಲ. ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನು. ನಾನೇ ಮರೆತಿದ್ದೆ. ನಮ್ಮ ವಂಶದ ಬಗ್ಗೆ ಮೊದಲೇ ಹೇಳಿದೆನಲ್ಲ. ಎಲ್ಲರೂ ಕೇಳಿದೆವು, ಯಾರಿಗಾಗಿ ಇಷ್ಟೆಲ್ಲ ಮಾಡಿದೆವೋ ಅವಳೊಬ್ಬಳನ್ನು ಬಿಟ್ಟು.

ಆಗ ವೀಣಾ ಕುರ್ಚಿಯ ಕೆಳಗೆ ನೋಡುತ್ತಾ, “ಇದಕ್ಕೆ ಚಕ್ರ ಇದೆಯಲ್ವಾ ಅಕ್ಕ” ಎಂದಳು. “ಒಂದೊಂದು ಮೂಲೆಗೂ ತಳ್ಕೊಂಡು ಹೋಗಿ ಅತ್ತೆ ಬಲಗಿವೀನ ಸ್ಪೀಕರಿಗೆ ತಾಗಿಸೋಣ.”

ಆದರೆ ಹಾಡು ಮುಗಿದುಹೋಗಿತ್ತು. ಹಿಂದಕ್ಕೆ ತಿರುಗಿಸುವಂತಿಲ್ಲ. ಟೇಪು ಪೂರ್ತಿ ಒಂದು ಸುತ್ತು ಬರಬೇಕು, ತುಂಡಾಗದೆ ಬರಬೇಕು. ಆ ಇಪ್ಪತ್ತು ನಿಮಿಷ ನಾವು ನಾಲ್ವರೂ ಕಾರ್ಟ್ರಿಡ್ಜನ್ನು ನೋಡುತ್ತಾ ಕೂತೆವು. ವೀಣಾ ಮಿಕ್ಸಿ ಹಾಕುವುದು ಬೇಡವೆಂದಳು, ಅದಕ್ಕೂ ಟೇಪಿಗೂ ಏನು ಸಂಬಂಧವೋ ಗೊತ್ತಿಲ್ಲ. ನಾಗು ಫ್ಯಾನ್ ಆರಿಸಿದ. ನಡುವೆ ಒಮ್ಮೆ ಹಾಡು ಅಳ್ಳಾಡಿ ನಡುಗಿತು. ಅಮ್ಮ ಕೈಮುಗಿದಳು. ಅದು ಮತ್ತೆ ಸರಿಹೋಯಿತು.

ಮೂರನೇ ಹಾಡು ಶುರುವಾದದ್ದೇ ತಡ, ನಾನೂ ನಾಗುವೂ ಕುರ್ಚಿ ತಳ್ಳಿಕೊಂಡು ಹಿಂದಿನ ಎಡಮೂಲೆಗೆ ಓಡಿದೆವು. ಅಮ್ಮ ರೇಷ್ಮೆಯ ಸೆರಗನ್ನು ಒಂದು ಕೈಯಲ್ಲಿ, ಕುರ್ಚಿಯ ಹಿಡಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು, “ನಿಧಾನ, ನಿಧಾನ” ಎನ್ನುತ್ತಾ ನಗುತ್ತಿದ್ದಳು. ಬಲಗಿವಿಯನ್ನು ಸ್ಪೀಕರಿಗೆ ತಾಗಿಸಿದಳು.

“ಇದು ನಿಮ್ಮಿಬ್ಬರ್ದಾ? ಅದಕ್ಕೇ ಮಂಚ ಮುರೀತಿತ್ತು.”

ಅಲ್ಲಿಂದ ಹಿಂದಿನ ಬಲಮೂಲೆಗೆ. ಪೀಪಿ ಕಿವಿಗೆ ಬಿದ್ದ ಕೂಡಲೇ ಅಮ್ಮನ ಮುಖ ಅರಳಿತು. ಬೆರಳಲ್ಲಿ ಗಾಳಿಯಲ್ಲೇ ಒಗ್ಗರಣೆ ಸೌಟು ಆಡಿಸಿದಳು. “ಇನ್ನೂ ಸ್ವಲ್ಪ ಇರು” ಎಂದರೂ ನಾವು ಬಿಡಲಿಲ್ಲ, ಹಾಡು ಮುಗಿದುಹೋದೀತೆಂದು ಮುಂದಿನ ಬಲಮೂಲೆಗೆ ಎಳೆದುಕೊಂಡು ಹೋದೆವು. ಅಲ್ಲಿ ಗುಂಯ್ ಕೇಳಿ, “ಅತ್ತೆ ಪೂಜೆ ಮುಗಿಸಿ ಇದಕ್ಕೇ ತೂಕಡಿಸ್ತಿದ್ರು” ಎಂದಳು. ಕೊನೆಗೆ ಮುಂದಿನ ಎಡಮೂಲೆ.

ಅಮ್ಮ ಕಿವಿಯಿಟ್ಟಳು. ಹಾಡುಗಾರ ಒಬ್ಬನೇ ಗಿಟಾರು ಹಿಡಿದು ಹಾಡುತ್ತಿದ್ದ. ಅಮ್ಮನಿಗೆ ಇಂಗ್ಲಿಷ್ ಬಾರದು. ಆದರೆ ಆ ಗಂಟಲಲ್ಲಿದ್ದದ್ದು ತಿಳಿಯಲು ಇಂಗ್ಲಿಷ್ ಬೇಕಿರಲಿಲ್ಲ. ಅವಳ ನಗು ನಿಂತಿತು.

“ಇದನ್ನಾ ನಿಮ್ಮಪ್ಪ ಕೇಳ್ತಿದ್ದದ್ದು?”

“ಹೂಂ ಅಮ್ಮ.”

“ಇಷ್ಟೇನಾ? ಬರೀ ಇವನೊಬ್ಬನೇ?”

“ಇಷ್ಟೇ.”

ಅವಳು ಸ್ಪೀಕರಿನ ಮೇಲೆ ಅಂಗೈ ಇಟ್ಟಳು. ಕಣ್ಣಿಗೆ ಡ್ರಾಪ್ಸ್ ಹಾಕಿಸಿದ್ದಕ್ಕೆ, ಗೇಲಿ ಮಾಡಿದ್ದಕ್ಕೆ, ಇಷ್ಟು ವರ್ಷಕ್ಕೆ ಈಗ ಅಳುತ್ತಾಳೆ ಎಂದುಕೊಂಡು ಪಕ್ಕದಲ್ಲಿ ಕೂತೆ. ಹಾಡಿನ ಮುಕ್ಕಾಲು ಪಾಲು ಅಮ್ಮನಿಗೆ ತಪ್ಪಿಹೋಯಿತು ಎಂಬ ಕೊರಗಿನಿಂದ ನಾನು ಇಷ್ಟೆಲ್ಲ ಓಡಾಡಿದ್ದೆ. ಅವಳ ತಲೆಯಲ್ಲಿ ಓಡುತ್ತಿದ್ದದ್ದೇ ಬೇರೆ.

“ಪಾಪ ಕಣೇ” ಎಂದಳು. “ಪೀಪಿ ಇಲ್ದೇ ಕೇಳಿದ್ರೆ ಯಾರಿಗಾದ್ರೂ ಅಳು ಬರುತ್ತೆ. ಅಡುಗೆಮನೆ ಎಷ್ಟು ದೂರ ಇತ್ತು ಹೇಳು, ಒಂದು ದಿನ ಬಂದು ಕೇಳಬಾರ್ದಿತ್ತಾ ಇವರು.”

ಅಮ್ಮ ಕುರ್ಚಿಯನ್ನು ತಾನೇ ಕಾಲಿನಿಂದ ಒತ್ತಿ ಇನ್ನೂ ಹತ್ತಿರ ಸರಿದಳು. ಸ್ಪೀಕರಿಗೆ ಬಾಯಿ ತಂದಳು. ತುಟಿ ಚೂಪು ಮಾಡಿ ತನ್ನ ಪಾಲನ್ನು ಊದತೊಡಗಿದಳು, ಟೀ ಟಿಟ್ಟೀ, ಟೀ ಟಿಟ್ಟೀ, ಒಂದು ಏರಿಳಿತವೂ ತಪ್ಪದೆ. ಹಾಡುಗಾರ ಅಳುತ್ತಿದ್ದ. ಅಮ್ಮ ಅವನನ್ನು ದಾಟಿಕೊಂಡು ಅಪ್ಪನಿಗೆ ಪೀಪಿ ಕೇಳಿಸುತ್ತಿದ್ದಳು, ಎದುರಿಗೇ ಕೂತಿದ್ದಾರೆ ಎನ್ನುವ ಹಾಗೆ, ಹುಬ್ಬು ಹಾರಿಸಿಕೊಂಡು, ಈಗ ನಗಿ ನೋಡೋಣ ಎನ್ನುವ ಹಾಗೆ.